ಕುತುಬ್ ಮಿನಾರ್: ಕಮಾನುಗಳ ಜಾಡು ಹಿಡಿದು ಒಂದು ಸುತ್ತು

ಕುತುಬ್ ಮಿನಾರ್ ನೋಡಲು ಹೋಗುವವರಲ್ಲಿ ಹೆಚ್ಚಿನವರು ಗೇಟು ದಾಟಿದೊಡನೆ ನೇರವಾಗಿ ಮಿನಾರಿನ ಬುಡಕ್ಕೆ ನಡೆದು, ಕತ್ತೆತ್ತಿ ನೋಡಿ, ಫೋಟೊ ತೆಗೆಸಿಕೊಂಡು, ಕಬ್ಬಿಣದ ಸ್ತಂಭದ ಮುಂದೆ ಸ್ವಲ್ಪ ಹೊತ್ತು ನಿಂತು ಹೊರಬರುತ್ತಾರೆ. ಕಟ್ಟಡ ಕಟ್ಟಿಸುವುದೇ ನನ್ನ ವೃತ್ತಿಯಾದ್ದರಿಂದ ನಾನು ಬೇರೆ ಕ್ರಮ ಹಿಡಿದೆ. ಮಿನಾರನ್ನು ಕೊನೆಗೆ ಉಳಿಸಿಕೊಂಡು, ಆವರಣದಲ್ಲಿರುವ ಕಮಾನುಗಳನ್ನು ಅವುಗಳ ಕಾಲಾನುಕ್ರಮದಲ್ಲಿ ನೋಡುತ್ತ ಹೋದೆ. ಕಂಬ ಮತ್ತು ತೊಲೆಗಳ ಕಟ್ಟಡದಲ್ಲಿ ನುರಿತಿದ್ದ ಇಲ್ಲಿನ ಕಲ್ಲುಕೆಲಸದವರು ಪರಕೀಯವಾದ ಕಮಾನಿನ ವಿದ್ಯೆಯನ್ನು ಹೇಗೆ ಒಗ್ಗಿಸಿಕೊಂಡರು ಎಂಬುದು ಈ ಕ್ರಮದಲ್ಲಿ ನೋಡಿದರೆ ಕಲ್ಲಿನ ಸಂದುಗಳಲ್ಲೇ ಓದಲು ಸಿಗುತ್ತದೆ.

ಹೊರಡುವ ಮೊದಲಿನ ಸಿದ್ಧತೆ ಹೆಚ್ಚೇನಿಲ್ಲ. ಮೆಟ್ರೋದ ಹಳದಿ ಮಾರ್ಗದಲ್ಲಿ ಕುತುಬ್ ಮಿನಾರ್ ಎಂಬ ಹೆಸರಿನ ನಿಲ್ದಾಣವಿದ್ದರೂ ಸ್ಮಾರಕ ಅಲ್ಲಿಂದ ಒಂದು ಕಿಲೋಮೀಟರಿಗೂ ದೂರದಲ್ಲಿರುವುದರಿಂದ ಆಟೊ ಹಿಡಿಯುವುದು ಒಳ್ಳೆಯದು. ಟಿಕೆಟನ್ನು ಆನ್‌ಲೈನಿನಲ್ಲಿ ತೆಗೆದಿಟ್ಟುಕೊಂಡರೆ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಡಿಸೆಂಬರ್ ಮತ್ತು ಜನವರಿಯ ಬೆಳಗ್ಗೆ ಮಂಜು ದಟ್ಟವಾಗಿ ಮಿನಾರಿನ ತುದಿಯೇ ಕಾಣದಿರಬಹುದಾದ್ದರಿಂದ ಅಕ್ಟೋಬರ್, ನವೆಂಬರ್ ಅಥವಾ ಫೆಬ್ರವರಿ ತಿಂಗಳನ್ನು ಆರಿಸಿಕೊಳ್ಳಬೇಕು. ಒಂದು ಬೈನಾಕ್ಯುಲರ್ ಜೊತೆಗಿರಲಿ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಸುತ್ತು ಆರಂಭವಾಗಬೇಕಾದದ್ದು ಕುವ್ವತ್-ಉಲ್-ಇಸ್ಲಾಂ ಮಸೀದಿಯ ಪೂರ್ವ ಬಾಗಿಲಿನಿಂದ. ಇಪ್ಪತ್ತೇಳು ದೇವಾಲಯಗಳ ಸಾಮಗ್ರಿಯನ್ನು ಇದಕ್ಕೆ ಬಳಸಲಾಯಿತೆಂದು ಬಾಗಿಲಿನ ಮೇಲಿನ ಪರ್ಷಿಯನ್ ಶಾಸನವೇ ಹೇಳುತ್ತದೆ. ಒಳಗಿನ ಕಂಬಗಳನ್ನು ಕಂಡ ಕನ್ನಡಿಗರಿಗೆ ಅವುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಸರಪಳಿಯಲ್ಲಿ ತೂಗುವ ಗಂಟೆ, ಕೀರ್ತಿಮುಖ, ಪೂರ್ಣಕುಂಭ ಎಲ್ಲವೂ ಅಲ್ಲಿವೆ. ಆದರೆ ಒಂದು ಕಂಬದ ಹತ್ತಿರ ಹೋಗಿ ನಡುಮಧ್ಯವನ್ನು ಗಮನಿಸಬೇಕು. ಬೇಕಾದ ಎತ್ತರ ಒಂದೇ ಕಂಬದಿಂದ ಸಿಗದಿದ್ದಾಗ ಒಂದರ ಮೇಲೊಂದು ಕಂಬವನ್ನು ಪೇರಿಸಿದ್ದಾರೆ. ಕೆಳಗಿನದರ ಕೆತ್ತನೆಗೂ ಮೇಲಿನದರ ಕೆತ್ತನೆಗೂ ಹೊಂದಾಣಿಕೆಯಿಲ್ಲ, ಎಷ್ಟೋ ಕಡೆ ದಪ್ಪವೂ ಒಂದೇ ಅಲ್ಲ. ಬಿಂಬಗಳ ಮುಖಗಳನ್ನು ಕೆತ್ತಿ ತೆಗೆದ ಗುರುತುಗಳೂ ಉಳಿದಿವೆ. ಇಲ್ಲಿ ನಡೆದದ್ದೇನು ಎಂಬುದನ್ನು ಆ ಕಲ್ಲುಗಳು ಮುಚ್ಚುಮರೆಯಿಲ್ಲದೆ ತೋರಿಸುತ್ತವೆ.

ಅಂಗಳದ ಪಶ್ಚಿಮಕ್ಕೆ ನಿಂತಿರುವ ಎತ್ತರದ ಕಮಾನುಗೋಡೆಯನ್ನು ಕುತುಬುದ್ದೀನ್ ಐಬಕ್ 1199ರ ಸುಮಾರಿಗೆ ಕಟ್ಟಿಸಿದ. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇದರ ಮುಂದೆಯೇ. ನಡುವಿನ ಕಮಾನು ಸುಮಾರು 16 ಮೀಟರ್ ಎತ್ತರವಿದ್ದು, ದೂರದಿಂದ ನೋಡಿದರೆ ಅಪ್ಪಟ ಇಸ್ಲಾಮೀ ಶೈಲಿಯದೆಂದೇ ತೋರುತ್ತದೆ. ಹತ್ತಿರ ನಿಂತು ಕಲ್ಲಿನ ಸಂದುಗಳನ್ನು ಕಣ್ಣಿನಿಂದ ಹಿಂಬಾಲಿಸಿದರೆ ಬೇರೆಯೇ ಸಂಗತಿ ಹೊರಬೀಳುತ್ತದೆ: ಸಂದುಗಳೆಲ್ಲ ನೆಲಕ್ಕೆ ಸಮಾನಾಂತರವಾಗಿವೆ. ನಿಜವಾದ ಕಮಾನಿನಲ್ಲಿ ಬೆಣೆಯಾಕಾರದ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದು ಭಾರವನ್ನು ಎರಡೂ ಬದಿಗೆ ದಾಟಿಸುತ್ತವೆ. ಆದ್ದರಿಂದ ಅವುಗಳ ಸಂದುಗಳು ಬಿಚ್ಚಿದ ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡಿರಬೇಕು. ಇಲ್ಲಿ ಹಾಗಿಲ್ಲ. ಪ್ರತಿಯೊಂದು ವರಸೆಯ ಕಲ್ಲನ್ನೂ ಕೆಳಗಿನದಕ್ಕಿಂತ ತುಸು ಮುಂದಕ್ಕೆ ಚಾಚಿ, ಎರಡೂ ಕಡೆಯಿಂದ ಹತ್ತಿರ ತಂದು ಕೂಡಿಸಿ, ಅಂಚನ್ನು ಕಮಾನಿನ ಆಕಾರಕ್ಕೆ ಕೆತ್ತಿದ್ದಾರೆ. ಕಮಾನು ಬೇಕೆಂದು ಹೇಳಿದವರು ಹೊಸಬರು, ಕಟ್ಟಿದ ಕೈಗಳು ಮಾತ್ರ ದೇಗುಲ ಕಟ್ಟಿ ಪಳಗಿದವು. ನಮ್ಮ ಹೊಯ್ಸಳ ದೇವಾಲಯಗಳ ಭುವನೇಶ್ವರಿಗಳಲ್ಲಿಯೂ, ಎಂದರೆ ಗುಮ್ಮಟದಂಥ ಒಳಮಾಳಿಗೆಗಳಲ್ಲಿಯೂ, ಕಲ್ಲನ್ನು ಒಳಕ್ಕೆ ಚಾಚುತ್ತ ಮುಚ್ಚುವ ಇದೇ ತತ್ತ್ವವಿದೆ. ಗೋಡೆಯ ಮೇಲೆ ಅರಬ್ಬೀ ಅಕ್ಷರಗಳ ಪಟ್ಟಿಯನ್ನು ಬಳಸಿ ಹಬ್ಬಿರುವ ಬಳ್ಳಿಗಳೂ ಅದೇ ಕೈಗಳ ಗುರುತು.

ಈ ಗೋಡೆಯ ಮುಂದೆಯೇ ಪ್ರಸಿದ್ಧವಾದ ಕಬ್ಬಿಣದ ಸ್ತಂಭವಿದೆ. ಏಳು ಮೀಟರಿಗೂ ಹೆಚ್ಚು ಉದ್ದದ, ಆರು ಟನ್ನಿಗೂ ಮೀರಿದ ತೂಕದ ಈ ಸ್ತಂಭವನ್ನು ವಿಷ್ಣುಧ್ವಜವಾಗಿ ನಿಲ್ಲಿಸಲಾಯಿತೆಂದು ಅದರ ಮೇಲಿನ ಸಂಸ್ಕೃತ ಶಾಸನ ಹೇಳುತ್ತದೆ. ಅದರಲ್ಲಿ ಬರುವ ಚಂದ್ರನೆಂಬ ಅರಸನನ್ನು ವಿದ್ವಾಂಸರು ಸಾಮಾನ್ಯವಾಗಿ ಗುಪ್ತವಂಶದ ಇಮ್ಮಡಿ ಚಂದ್ರಗುಪ್ತನೆಂದು ಗುರುತಿಸುತ್ತಾರೆ. ತುಕ್ಕು ಹಿಡಿಯದಿರುವುದಕ್ಕೆ ಪವಾಡವೇನೂ ಕಾರಣವಲ್ಲ. ಈ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದರಿಂದಾಗಿ ಮೇಲ್ಮೈಯಲ್ಲಿ ತೆಳುವಾದ ರಕ್ಷಣಾ ಪದರವೊಂದು ಬೆಳೆದಿದೆ ಎಂಬುದನ್ನು ಕಾನ್ಪುರದ ಐಐಟಿಯ ಆರ್. ಬಾಲಸುಬ್ರಹ್ಮಣ್ಯಂ ಅವರು ವಿವರಿಸಿದ್ದಾರೆ. ಸ್ತಂಭಕ್ಕೆ ಬೆನ್ನು ಕೊಟ್ಟು ಕೈಗಳನ್ನು ಹಿಂದಕ್ಕೆ ಸುತ್ತುವ ವಾಡಿಕೆ ಬೇಲಿ ಬಂದ ಮೇಲೆ ನಿಂತಿದೆ, ನಿಂತದ್ದೇ ಒಳ್ಳೆಯದಾಯಿತು.

ಮಸೀದಿಯ ವಾಯವ್ಯಕ್ಕಿರುವ ಇಲ್ತುಮಿಶನ ಗೋರಿ 1235ರ ಹೊತ್ತಿನದು. ಹೊರಗೆ ಸರಳವಾಗಿದ್ದರೂ ಒಳಗೋಡೆಗಳಲ್ಲಿ ಕೆತ್ತದೆ ಬಿಟ್ಟ ಜಾಗ ಹುಡುಕಬೇಕಾಗುತ್ತದೆ. ಚೌಕ ಕೋಣೆಯ ಮೇಲೆ ದುಂಡು ಗುಮ್ಮಟವನ್ನು ಕೂರಿಸಲು ಮೂಲೆಗಳಿಗೆ ಅಡ್ಡಲಾಗಿ ಚಿಕ್ಕ ಕಮಾನುಗಳನ್ನು ಹಾಕಿದ್ದಾರೆ. ಅವೂ ಚಾಚುಗಲ್ಲಿನವೇ. ಗುಮ್ಮಟ ಉಳಿದಿಲ್ಲ, ಈಗ ಮೇಲೆ ಬಯಲು ಆಕಾಶವಿದೆ.

ಅಲ್ಲಿಂದ ಮಿನಾರಿನ ದಕ್ಷಿಣಕ್ಕಿರುವ ಅಲಾಯಿ ದರ್ವಾಜಕ್ಕೆ ಬಂದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಅಲ್ಲಾವುದ್ದೀನ್ ಖಿಲ್ಜಿ 1311ರಲ್ಲಿ ಕಟ್ಟಿಸಿದ ಈ ಹೆಬ್ಬಾಗಿಲಿನ ಕಮಾನುಗಳಲ್ಲಿ ಸಂದುಗಳು ಒಂದು ಕೇಂದ್ರದತ್ತ ತಿರುಗಿವೆ, ಕಲ್ಲುಗಳು ಬೆಣೆಯಾಕಾರದಲ್ಲಿವೆ, ಮೇಲಿನ ಗುಮ್ಮಟವೂ ಇಂದಿಗೂ ಗಟ್ಟಿಯಾಗಿ ಕುಳಿತಿದೆ. ಕೆಂಪು ಮರಳುಗಲ್ಲಿನ ನಡುವೆ ಬಿಳಿ ಅಮೃತಶಿಲೆಯ ಪಟ್ಟಿಗಳನ್ನು ಕೂರಿಸಿರುವ ಕೆಲಸದಲ್ಲಿ ಹಿಂಜರಿಕೆ ಎಲ್ಲಿಯೂ ಇಲ್ಲ. ಕಮಾನಿನ ಒಳ ಅಂಚಿಗೆ ತಾವರೆಮೊಗ್ಗುಗಳ ಸಾಲನ್ನೇ ಝಾಲರಿಯಾಗಿ ಇಳಿಬಿಟ್ಟಿದ್ದಾರೆ. ಇಡೀ ಆವರಣದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಕಟ್ಟಡ ಇದು, ಮಿನಾರಿಗಿಂತಲೂ ಹೆಚ್ಚು. ಆದರೆ ಆ 1311 ಎಂಬ ಇಸವಿಯನ್ನು ಕನ್ನಡಿಗರು ಸುಲಭವಾಗಿ ದಾಟಿಹೋಗಲಾರರು. ಅದೇ ವರ್ಷದ ಆರಂಭದಲ್ಲಿ ಇದೇ ಸುಲ್ತಾನನ ದಂಡನಾಯಕ ಮಲಿಕ್ ಕಾಫೂರ್ ದ್ವಾರಸಮುದ್ರಕ್ಕೆ ಮುತ್ತಿಗೆ ಹಾಕಿ, ಮುಮ್ಮಡಿ ವೀರಬಲ್ಲಾಳನಿಂದ ಅಪಾರ ಸಂಪತ್ತನ್ನು ಪಡೆದಿದ್ದ. ಹಳೇಬೀಡಿನ ಮೇಲೆ ದಂಡು ಬಂದ ವರ್ಷವೂ ಈ ಬಾಗಿಲಿನ ವರ್ಷವೂ ಒಂದೇ.

ಅಲ್ಲಾವುದ್ದೀನನ ಹಮ್ಮಿನ ಇನ್ನೊಂದು ಸಾಕ್ಷಿ ಉತ್ತರಕ್ಕಿರುವ ಅಲಾಯಿ ಮಿನಾರ್. ಕುತುಬ್ ಮಿನಾರಿನ ಇಮ್ಮಡಿ ಎತ್ತರಕ್ಕೆ ಕಟ್ಟಬೇಕೆಂದು ಆರಂಭಿಸಿದ್ದು, 1316ರಲ್ಲಿ ಅವನ ಮರಣದೊಂದಿಗೆ ಸುಮಾರು 24 ಮೀಟರಿಗೇ ನಿಂತುಹೋಯಿತು. ಮೇಲುಹೊದಿಕೆಯ ಕಲ್ಲು ಕೂರಿಸುವ ಮೊದಲೇ ಕೆಲಸ ನಿಂತದ್ದರಿಂದ ಒಳಗಿನ ಒರಟು ಕಲ್ಲು ಗಾರೆಯ ಕಟ್ಟಣೆ ಬೆತ್ತಲೆಯಾಗಿ ಕಾಣುತ್ತದೆ. ಕಟ್ಟಡದ ಕೆಲಸ ಬಲ್ಲವರಿಗೆ ಇದು ಪಾಠದಂತಿರುವುದರಿಂದ ಬರೀ ಕಲ್ಲುಗುಡ್ಡೆಯೆಂದು ಬಿಟ್ಟುಹೋಗಬಾರದು.

ಮಿನಾರಿಗೆ ಬರೋಣ. 72.5 ಮೀಟರ್ ಎತ್ತರದ ಈ ಗೋಪುರದ ಬುಡದ ವ್ಯಾಸ 14 ಮೀಟರಿಗೂ ಹೆಚ್ಚು, ತುದಿಯದು ಮೂರು ಮೀಟರಿಗೂ ಕಡಿಮೆ. ಐಬಕ್ ಮೊದಲ ಅಂತಸ್ತನ್ನು ಮುಗಿಸಿದ, ಅವನ ಅಳಿಯ ಇಲ್ತುಮಿಶ್ ಮತ್ತೆ ಮೂರನ್ನು ಏರಿಸಿದ. ಫಿರೋಜ್ ಷಾ ತುಘಲಕನ ಕಾಲದಲ್ಲಿ ಸಿಡಿಲು ಬಡಿದು ಮೇಲ್ಭಾಗ ಹಾಳಾದಾಗ ಅವನು ಅದನ್ನು ತಿರುಗಿ ಕಟ್ಟಿಸಿ ಐದು ಅಂತಸ್ತು ಮಾಡಿದ. ಕೆಳಗೆ ನಿಂತೇ ಈ ಬದಲಾವಣೆಗಳನ್ನು ಓದಬಹುದು. ಮೊದಲ ಅಂತಸ್ತಿನಲ್ಲಿ ಏಣುಗಳೂ ದುಂಡು ಉಬ್ಬುಗಳೂ ಒಂದಾದ ಮೇಲೊಂದರಂತೆ ಬರುತ್ತವೆ. ಎರಡನೆಯದರಲ್ಲಿ ಬರೀ ದುಂಡು, ಮೂರನೆಯದರಲ್ಲಿ ಬರೀ ಏಣು. ಮೇಲಿನ ಎರಡರಲ್ಲಿ ಏಣಿಲ್ಲದ ನುಣುಪು ಮೈ, ಜೊತೆಗೆ ಬಿಳಿ ಅಮೃತಶಿಲೆ. ಬೈನಾಕ್ಯುಲರ್ ಬೇಕೆಂದದ್ದು ಬಾಲ್ಕನಿಗಳ ಅಡಿಭಾಗವನ್ನು ನೋಡುವುದಕ್ಕೆ. ಅಲ್ಲಿ ಜೇನುಗೂಡಿನ ಆಕಾರದ ಚಿಕ್ಕ ಚಿಕ್ಕ ಗೂಡುಗಳು ಸಾಲುಸಾಲಾಗಿ ಹೊರಚಾಚಿ ಬಾಲ್ಕನಿಯ ಭಾರವನ್ನು ಹೊತ್ತಿವೆ. ಬರಿಗಣ್ಣಿಗೆ ಅವು ಕೇವಲ ನೆರಳಿನ ಪಟ್ಟಿಯಾಗಿ ಕಾಣುತ್ತವೆ.

ಒಳಗಿನ 379 ಮೆಟ್ಟಿಲುಗಳನ್ನು ಈಗ ಯಾರೂ ಹತ್ತುವಂತಿಲ್ಲ. 1981ರ ಡಿಸೆಂಬರ್ 4ರಂದು ಮೆಟ್ಟಿಲದಾರಿಯ ದೀಪ ಆರಿ ಉಂಟಾದ ನೂಕುನುಗ್ಗಲಿನಲ್ಲಿ 45 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಶಾಲಾ ಮಕ್ಕಳು. ಹತ್ತಲು ಬಿಡಬೇಕಿತ್ತೆಂದು ಗೊಣಗುವವರಿಗೆ ನಾನು ಈ ಸಂಗತಿಯನ್ನು ಹೇಳುತ್ತೇನೆ.

ಹುಲ್ಲುಹಾಸಿನ ಮೇಲೆ ಸಂಬಂಧವಿಲ್ಲದಂತೆ ನಿಂತಿರುವ ಮಂಟಪವೊಂದರ ಕಥೆ ಸ್ವಾರಸ್ಯವಾಗಿದೆ. 1803ರ ಭೂಕಂಪದಲ್ಲಿ ಮಿನಾರಿನ ತುದಿ ಬಿದ್ದಾಗ ದುರಸ್ತಿ ವಹಿಸಿಕೊಂಡ ಮೇಜರ್ ರಾಬರ್ಟ್ ಸ್ಮಿತ್ 1828ರಲ್ಲಿ ತನಗೆ ತೋಚಿದ ಮಂಟಪವೊಂದನ್ನು ನೆತ್ತಿಗೆ ಏರಿಸಿದ. ಅದು ಎಳ್ಳಷ್ಟೂ ಒಪ್ಪದ್ದರಿಂದ ಗವರ್ನರ್ ಜನರಲ್ ಹಾರ್ಡಿಂಜನ ಕಾಲದಲ್ಲಿ ಕೆಳಗಿಳಿಸಿ ಇಲ್ಲಿ ಇಟ್ಟರು. ದುರಸ್ತಿಯ ಹೆಸರಿನಲ್ಲಿ ಸ್ವಂತ ಅಭಿರುಚಿ ತುರುಕುವ ಗುತ್ತಿಗೆದಾರರನ್ನು ಇಲ್ಲಿಗೆ ಕರೆತಂದು ತೋರಿಸಬೇಕು ಎನ್ನಿಸಿತು.

ಮಧ್ಯಾಹ್ನದ ಊಟ ಮುಗಿಸಿ ಹತ್ತಿರದ ಮೆಹ್ರೌಲಿ ಪುರಾತತ್ವ ಉದ್ಯಾನಕ್ಕೆ ನಡೆದೆ. ಜಾಲಿ ಬೆಳೆದ ಕಾಲುದಾರಿಗಳ ನಡುವೆ ಹತ್ತಾರು ಸ್ಮಾರಕಗಳಿವೆ. ಬಿಸಿಲಿಗೆ ಟೊಪ್ಪಿ, ಕೈಯಲ್ಲಿ ನೀರು ಇರಬೇಕು. 1528–29ರ ಜಮಾಲಿ ಕಮಾಲಿ ಮಸೀದಿಯ ಪಕ್ಕದ ಗೋರಿಯ ಒಳಮಾಳಿಗೆ ಬಣ್ಣಬಣ್ಣದ ಗಾರೆ ಚಿತ್ತಾರದಿಂದ ತುಂಬಿದೆ. ಬಾಗಿಲಿಗೆ ಬೀಗವಿದ್ದರೆ ಕಾವಲುಗಾರರನ್ನು ವಿನಯದಿಂದ ಕೇಳಿ ನೋಡಬೇಕು. 1506ರ ರಾಜೋಂ ಕಿ ಬಾವಲಿ ಎಂಬ ಮೆಟ್ಟಿಲುಬಾವಿಯ ಮೆಟ್ಟಿಲುಗಳು ಕಮಾನುಸಾಲುಗಳ ನಡುವೆ ಆಳಕ್ಕೆ ಇಳಿಯುತ್ತವೆ. ನಮ್ಮ ಕಲ್ಯಾಣಿಗಳನ್ನು ಕಂಡವರಿಗೂ ಇದು ಹೊಸದೆನಿಸುತ್ತದೆ. ಆಧಮ್ ಖಾನನ ಗೋರಿ ಮತ್ತು ಇಲ್ತುಮಿಶ್ ಕಟ್ಟಿಸಿದ ಹೌಜ್-ಎ-ಶಂಸಿ ಕೆರೆ ಊರಿನೊಳಗಿವೆ. ಸಮಯ ಸಾಲದಿದ್ದರೆ ಅವನ್ನು ಬಿಡಬಹುದು, ದೆಹಲಿಯ ಸುಲ್ತಾನನಾಗಿದ್ದ ಬಲ್ಬನನ ಗೋರಿಯನ್ನು ಮಾತ್ರ ಬಿಡಬಾರದು. 1287ರ ಸುಮಾರಿನ ಈ ಪಾಳುಗಟ್ಟಡದಲ್ಲಿ ಅಲಂಕಾರವಿಲ್ಲ, ಮಾಡೂ ಇಲ್ಲ, ಬರುವವರೂ ವಿರಳ. ಆದರೆ ಅದರ ಒರಟು ಕಲ್ಲಿನ ಬಾಗಿಲುಗಳ ಕೆಳಗೆ ನಿಂತು ಸಂದುಗಳನ್ನು ನೋಡಿದರೆ ಅವು ಅಡ್ಡಡ್ಡಲಾಗಿರದೆ ಹರಡಿಕೊಂಡಿವೆ: ಭಾರತದಲ್ಲಿ ಇಂದು ಉಳಿದಿರುವ ಮೊದಲ ನಿಜವಾದ ಕಮಾನುಗಳೆಂದು ಸಾಮಾನ್ಯವಾಗಿ ಗುರುತಿಸುವುದು ಇವನ್ನೇ. ಐಬಕನ ಗೋಡೆಗೂ ಅಲಾಯಿ ದರ್ವಾಜಕ್ಕೂ ನಡುವಿನ ಕೊಂಡಿ ಇಲ್ಲಿದೆ.