ಲಂಡನ್ ಬರೋ ವರದಿಗಳಲ್ಲಿ ಕ್ಷಯದ ಜಾಡು ಹಿಡಿಯುವುದು ಹೇಗೆ?

ಎರಡು ಮಹಾಯುದ್ಧಗಳ ನಡುವೆ ಲಂಡನ್ನಿನಲ್ಲಿ ಕ್ಷಯವನ್ನು ಹತೋಟಿಗೆ ತರಲು ನಡೆದ ಕೆಲಸವನ್ನು ಅಧ್ಯಯನ ಮಾಡುವವರಿಗೆ ಆಯಾ ಬರೋದ, ಅಂದರೆ ನಗರದೊಳಗಿನ ಸ್ಥಳೀಯ ಆಡಳಿತ ವಿಭಾಗದ, ಆರೋಗ್ಯಾಧಿಕಾರಿ ಹೊರತರುತ್ತಿದ್ದ ವಾರ್ಷಿಕ ವರದಿಯೇ ಮುಖ್ಯ ಆಕರ. ಈ ವರದಿಗಳನ್ನು ವೆಲ್‌ಕಮ್ ಗ್ರಂಥಾಲಯ ಡಿಜಿಟಲ್ ರೂಪದಲ್ಲಿ ಉಚಿತವಾಗಿ ಒದಗಿಸಿದೆ. ಇಡೀ ನಗರದ ಗೋಜಿಗೆ ಹೋಗದೆ ಒಂದೇ ಬರೋವನ್ನು, ಉದಾಹರಣೆಗೆ ಥೇಮ್ಸ್ ದಡದ ಬರ್ಮಂಡ್ಸಿಯನ್ನು, ಆರಿಸಿಕೊಂಡು 1919ರಿಂದ 1938ರವರೆಗೆ ಸಾಲಾಗಿ ಓದಿ.

ಓದುವ ಮುನ್ನ ಕಾನೂನಿನ ಚೌಕಟ್ಟು ತಿಳಿದಿರಲಿ. 1913ರಿಂದ ಎಲ್ಲ ಬಗೆಯ ಕ್ಷಯವನ್ನೂ ವೈದ್ಯರು ಆರೋಗ್ಯಾಧಿಕಾರಿಗೆ ತಿಳಿಸುವುದು ಕಡ್ಡಾಯವಾಗಿತ್ತು. 1921ರ ಕಾಯ್ದೆಯ ನಂತರ ಸ್ಯಾನಟೋರಿಯಂ (ಕ್ಷಯರೋಗಿಗಳನ್ನು ಇರಿಸಿಕೊಳ್ಳುವ ಆಸ್ಪತ್ರೆ) ಚಿಕಿತ್ಸೆ ಇಡೀ ಲಂಡನ್ನಿನ ಆಡಳಿತ ಸಂಸ್ಥೆಯಾದ ಲಂಡನ್ ಕೌಂಟಿ ಕೌನ್ಸಿಲಿನ ಹೊಣೆ, ಡಿಸ್ಪೆನ್ಸರಿ (ರೋಗಿಗಳು ಬಂದು ಪರೀಕ್ಷೆ ಮಾಡಿಸಿಕೊಳ್ಳುವ ಕ್ಷಯ ಚಿಕಿತ್ಸಾಲಯ) ಬರೋದ ಹೊಣೆ. ಆದ್ದರಿಂದ ರೋಗಿಯ ಹಾದಿ ಎರಡು ಕಚೇರಿಗಳ ಕಾಗದಗಳಲ್ಲಿ ಹಂಚಿಹೋಗಿರುತ್ತದೆ.

ಕೋಷ್ಟಕದಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಾವಿನ ಸಂಖ್ಯೆಯಾದರೂ, ನನ್ನ ಮಟ್ಟಿಗೆ ಅದಕ್ಕಿಂತ ಹೆಚ್ಚು ಹೇಳುವುದು ಬದುಕಿರುವಾಗ ವರದಿಯೇ ಆಗದೆ ಸತ್ತವರ ಲೆಕ್ಕ. ಆ ಪಾಲು ದೊಡ್ಡದಾಗಿದ್ದರೆ ರೋಗ ಕೈತಪ್ಪಿ ಹರಡುತ್ತಿತ್ತೆಂದೇ ಶಂಕಿಸಬೇಕು. ಹೊಸ ಪ್ರಕರಣಗಳು ಏರಿದ ವರ್ಷವನ್ನು ಕಂಡೊಡನೆ ರೋಗ ಉಲ್ಬಣಿಸಿತೆಂದು ಬರೆದುಬಿಡಬೇಡಿ. ಡಿಸ್ಪೆನ್ಸರಿ ಚುರುಕಾಗಿ ರೋಗಿಯ ಮನೆಯವರನ್ನೂ ಕರೆಸಿ ಪರೀಕ್ಷಿಸಿದರೆ ಆ ಸಂಖ್ಯೆ ತಾನಾಗಿಯೇ ಏರುತ್ತದೆ. ಶ್ವಾಸಕೋಶದ ಕ್ಷಯವನ್ನೂ ಮೂಳೆ, ಗ್ರಂಥಿಗಳ ಕ್ಷಯವನ್ನೂ ಬೇರೆಬೇರೆಯಾಗಿ ನಕಲು ಮಾಡಿಕೊಳ್ಳಿ, ಏಕೆಂದರೆ ಎರಡನೆಯದರಲ್ಲಿ, ವಿಶೇಷವಾಗಿ ಮಕ್ಕಳಲ್ಲಿ, ರೋಗಪೀಡಿತ ಹಸುವಿನ ಹಾಲಿನ ಪಾತ್ರ ದೊಡ್ಡದು.

ಅಂಕಿಗಳ ನಂತರ, ರೋಗಿಗಳ ಮನೆಗೆ ಭೇಟಿ ಕೊಡುತ್ತಿದ್ದ ಆರೋಗ್ಯ ಸಂದರ್ಶಕಿಯರ ಕೆಲಸದ ಭಾಗಕ್ಕೆ ಬನ್ನಿ. ರೋಗಿಗೆ ಪ್ರತ್ಯೇಕ ಕೋಣೆ ಇದೆಯೇ, ಕಡೆಗೆ ಪ್ರತ್ಯೇಕ ಹಾಸಿಗೆಯಾದರೂ ಇದೆಯೇ ಎಂಬುದನ್ನು ಕೆಲವು ವರದಿಗಳು ದಾಖಲಿಸುತ್ತವೆ. ನಾನು ಬೇರೆಲ್ಲ ಬಿಟ್ಟು ಓದುವುದು ಈ ಪುಟಗಳನ್ನೇ. ಕ್ಷಯಕ್ಕೆ ಪರಿಣಾಮಕಾರಿಯಾದ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಅದಕ್ಕೂ ಮೊದಲು ರೋಗಿಯನ್ನು ಬೇಗ ಪತ್ತೆಹಚ್ಚುವುದು, ಉಳಿದವರಿಂದ ಬೇರೆ ಮಲಗಿಸುವುದು, ಆಹಾರ ಮತ್ತು ವಸತಿಯನ್ನು ಸುಧಾರಿಸುವುದೇ ಬರೋದ ಕೈಲಾಗುತ್ತಿದ್ದ ಕೆಲಸ. ಬರ್ಮಂಡ್ಸಿ 1926ರಲ್ಲಿ ಕೃತಕ ಬೆಳಕಿನ ಚಿಕಿತ್ಸಾಲಯವನ್ನೂ ತೆರೆಯಿತು.

ಸಾವಿನ ಪ್ರಮಾಣವನ್ನು ಲೆಕ್ಕಹಾಕುವಾಗ 1921 ಮತ್ತು 1931ರ ಜನಗಣತಿಗಳ ಮುದ್ರಿತ ಕೋಷ್ಟಕಗಳನ್ನು ಆಧಾರವಾಗಿಟ್ಟುಕೊಂಡು, ನಡುವಿನ ವರ್ಷಗಳಿಗೆ ವರದಿಯಲ್ಲೇ ಕೊಟ್ಟ ಅಂದಾಜು ಜನಸಂಖ್ಯೆಯನ್ನು ಬಳಸಿ. 1931ರ ಮನೆಮನೆಯ ನಮೂನೆಗಳು 1942ರ ಬೆಂಕಿಯಲ್ಲಿ ನಾಶವಾದ ಕಾರಣ ಅವುಗಳನ್ನು ಹುಡುಕುವುದು ವ್ಯರ್ಥ. 1939ರ ಸೆಪ್ಟೆಂಬರಿನಲ್ಲಿ ಮಕ್ಕಳನ್ನೂ ತಾಯಂದಿರನ್ನೂ ನಗರದಿಂದ ಸಾಗಿಸಿದ್ದರಿಂದ ಆ ವರ್ಷದ ಪ್ರಮಾಣವನ್ನು ಹಿಂದಿನವುಗಳ ಸಾಲಿಗೆ ಸೇರಿಸುವಂತಿಲ್ಲ.