ಒಂದ್ ಕಪ್ ಮೈದಾ ಅಂದ್ರೆ ಎಷ್ಟ್ ಗ್ರಾಂ?

ಹೋದ ಮಳೆಗಾಲದಲ್ಲಿ ಫೋನ್ ನೋಡ್ಕೊಂಡು ಕೇಕ್ ಮಾಡಕ್ಕೆ ಕೂತಿದ್ದೆ. 250 ಗ್ರಾಂ ಮೈದಾ ಅಂತಿತ್ತು, ನಮ್ಮನೆ ಅಳತೆ ಜಗ್ಗಿನ ಮೇಲೆ 250 ಅಂತ ಗೆರೆ ಇದ್ಯಲ್ಲ, ಅಲ್ಲೀವರೆಗೆ ತುಂಬಿ ಸುರಿದೆ. ಕೇಕ್ ಆಗ್ಲಿಲ್ಲ, ನೀರ್ದೋಸೆ ಹಿಟ್ಟಿನ ಥರ ಕಲಕಾಡ್ತಿತ್ತು. ಆ ಗೆರೆ ಎಂಎಲ್‌ದು ಕಣ್ರೀ, ಅಷ್ಟು ಜಾಗದಲ್ಲಿ ಮೈದಾ ಕೂರೋದೇ 130 ಗ್ರಾಂ, ನಾನು ಹಾಕಿದ್ದು ಅರ್ಧ ಅಷ್ಟೇ.

ಹಾಗಾಗಿ ಮೊದ್ಲು ನಿಮ್ಮ ಕಪ್ಪಲ್ಲಿ ಎಷ್ಟ್ ಹಿಡಿಯುತ್ತೆ ನೋಡ್ಕೊಳ್ಳಿ. ತಕ್ಕಡಿ ಇದ್ರೆ ಖಾಲಿ ಕಪ್ ಇಟ್ಟು ಸೊನ್ನೆ ಮಾಡಿ ನೀರು ತುಂಬಿ, ನೀರು ಎಷ್ಟು ಗ್ರಾಂ ಬರುತ್ತೋ ಅಷ್ಟೇ ಎಂಎಲ್. ತಕ್ಕಡಿ ಇಲ್ದಿದ್ರೆ ಹಾಲಿನ ಪ್ಯಾಕೆಟ್ ಸಾಕು, ಅರ್ಧ ಲೀಟರ್ ಹಾಲು ಎರಡು ಕಪ್ ತುಂಬಿ ಮುಗಿದ್ರೆ ಅದು 250ರ ಕಪ್, ಎರಡು ತುಂಬಿ ಒಂದು ಗುಟುಕು ಉಳಿದ್ರೆ 240ರದ್ದು. ಪ್ಯಾಕೆಟ್ ಮೇಲಿನ ನಂಬರ್ ಮಾತ್ರ ಓದ್ಕೊಳ್ಳಿ, 2024ರಲ್ಲಿ ನಂದಿನಿದು ಸ್ವಲ್ಪ ಕಾಲ 550 ಬರ್ತಿತ್ತಲ್ಲ.

ಆಮೇಲೆ 240 ಎಂಎಲ್ ಕಪ್ ಲೆಕ್ಕ ಹೀಗೆ, ತಲೆ ಸವರಿ ಅಳೆದ್ರೆ: ಸಕ್ಕರೆ 200 ಗ್ರಾಂ, ಮೈದಾ 125, ಅಕ್ಕಿಹಿಟ್ಟು ಸುಮಾರು 155, ಎಣ್ಣೆ ಮತ್ತೆ ತುಪ್ಪ 220ರ ಆಸುಪಾಸು, ಜೇನುತುಪ್ಪ 340. ಅಕ್ಕಿ 190 ಇಂದ 200, ಜಾತಿ ಮೇಲೆ ಹೋಗುತ್ತೆ. ಜೋನಿಬೆಲ್ಲಾನೂ ಜೇನಿನ ಥರ ಭಾರ, ಅದನ್ನ ಸಕ್ಕರೆ ಬದಲು ಕಪ್ಪಿಗೆ ಕಪ್ ಹಾಕ್ಬೇಡಿ.

ಹಿಟ್ಟಲ್ಲೇ ಜಾಸ್ತಿ ಎಡವೋದು. ಡಬ್ಬಿಯೊಳಗೆ ಕಪ್ ತೂರಿಸಿ ಒತ್ತಿ ಎತ್ತಿದ್ರೆ ಅದೇ ಮೈದಾ 150 ದಾಟುತ್ತೆ, ಜರಡಿ ಹಿಡಿದು ಚಮಚದಲ್ಲಿ ತುಂಬಿದ್ರೆ 120ಕ್ಕೆ ಇಳಿಯುತ್ತೆ. ಚಮಚದಲ್ಲಿ ತುಂಬಿ ಚಾಕು ಬೆನ್ನಲ್ಲಿ ಸವರೋದು ಒಳ್ಳೇದು. ತೀರ್ಥಹಳ್ಳಿ, ಹೊಸನಗರ ಕಡೆ ಜುಲೈಯಲ್ಲಿ ಉಪ್ಪಿನ ಜಾಡಿನೇ ನೀರಾಡುತ್ತಲ್ಲ, ಹಿಟ್ಟೂ ಪಸೆ ಎಳ್ಕೊಂಡಿರುತ್ತೆ, ನೀರು ಒಂದೇ ಸಲ ಸುರೀದೆ ನೋಡ್ಕೊಂಡು ಹಾಕಿ.

ಉಪ್ಪಿನ ವಿಷ್ಯ ಬೇರೆ. ಪುಡಿ ಉಪ್ಪು ಸಣ್ಣ ಚಮಚಕ್ಕೆ, ಅಂದ್ರೆ 5 ಎಂಎಲ್‌ಗೆ, 6 ಗ್ರಾಂ ಬರುತ್ತೆ, ಕಲ್ಲುಪ್ಪಿನ ಹರಳಿನ ಮಧ್ಯೆ ಗಾಳಿ ಇರೋದ್ರಿಂದ ಅಷ್ಟು ಬರಲ್ಲ. ಉಪ್ಪಿನಕಾಯಿಗೆ ತೂಗಿಯೇ ಹಾಕಿ, ಅಲ್ಲಿ ಅಂದಾಜು ನಡೆಯಲ್ಲ.

ಈಗ ಪಾವಿಗೆ ಬನ್ನಿ. ನಾಲ್ಕು ಪಾವು ಒಂದು ಸೇರು, ಅದೇನೋ ಸರಿ, ಆದ್ರೆ ಅಳತೆ ಸೇರೇ ಬೇರೆ ತೂಕದ ಸೇರೇ ಬೇರೆ, ಅದೂ ಊರಿಂದೂರಿಗೆ ಒಂದೇ ಇರ್ಲಿಲ್ಲ, ಅದ್ಕೇ ನೆಟ್‌ನಲ್ಲಿ ಹುಡುಕಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ನಿಮ್ಮನೆ ಪಾವಿಗೆ ನಿಮ್ಮನೇದೇ ಲೆಕ್ಕ. ಒಂದು ಕೆಜಿ ಅಕ್ಕಿ ಪ್ಯಾಕೆಟ್ ಒಡೆದು ಎಷ್ಟು ಪಾವು ಬಂತು ಅಂತ ಎಣಿಸಿ, 1000ನ ಅದ್ರಿಂದ ಭಾಗಿಸಿ, ಆಯ್ತು. ಸಕ್ಕರೆ, ಬೇಳೆಗೂ ಇದೇ ಉಪಾಯ.

ಕಡುಬಿಗೆ ಮಾತ್ರ ಈ ತಾಪತ್ರಯ ಬೇಡ. ತರಿ ಒಂದು ಪಾವು, ನೀರು ಎರಡು ಪಾವು, ಎರಡನ್ನೂ ಒಂದೇ ಪಾವಲ್ಲಿ ಅಳೆದ್ರೆ ಗ್ರಾಂ ಯಾಕೆ ಬೇಕು? ನಮ್ಮತ್ತೆಗೆ ಇದೆಲ್ಲ ಹೇಳಿದ್ದಕ್ಕೆ, "ಪಾವು ಗೋಪುರ ತುಂಬ್ಬೇಕಾ ಸವರ್ಬೇಕಾ ಅದನ್ ಹೇಳು ಮೊದ್ಲು" ಅಂದ್ರು. ಸವರ್ಬೇಕು ಅತ್ತೆ.