ಮಾರ್ಚ್ 31ನ್ನು ಜುಲೈನಲ್ಲೇ ತರಿಸಿ ಟೆಸ್ಟ್ ಮಾಡಿದ ಬಗೆ

ಸರ್ವರ್ ಗಡಿಯಾರ ಮುಟ್ಟದೆ ವರ್ಷಾಂತ್ಯ ಟೆಸ್ಟ್ ಮಾಡಬಹುದು ಅಂದಾಗ ಟೀಮಿನಲ್ಲಿ ಯಾರೂ ಒಪ್ಪಲಿಲ್ಲ. ಈಗ ಎಲ್ಲರೂ ಅದನ್ನೇ ಬಳಸುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಸಾಫ್ಟ್‌ವೇರ್ ಪತ್ತಿನ ಸಹಕಾರ ಸಂಘಗಳದ್ದು. ಠೇವಣಿ, ಸಾಲ, ಪಿಗ್ಮಿ, ಬಡ್ಡಿ. ಹಳೇ ಜಾವಾ ಕೋಡ್, ದಿನಾಂಕ ಕೇಳುವ ಜಾಗಗಳು ನೂರಾರು, ಅರ್ಧ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಫಂಕ್ಷನ್‌ಗಳ ಒಳಗೇ ಇವೆ. ಕೋಡಿನಲ್ಲೇ ಕ್ಲಾಕ್ ಮಾಕ್ ಮಾಡಿ, ಅಂದರೆ ನಕಲಿ ಗಡಿಯಾರ ಇಡಿ, ಅನ್ನುವವರು ಇದನ್ನು ನೋಡಬೇಕು. ಅಷ್ಟನ್ನೂ ತಿದ್ದಲು ಒಬ್ಬರ ಎರಡು ಮೂರು ತಿಂಗಳ ಸಂಬಳ ಹೋಗುತ್ತದೆ. ಆ ದುಡ್ಡು ಯಾವ ಸಂಘ ಕೊಡುತ್ತದೆ?

ಮೊದಲು ಎಲ್ಲರ ಹಾಗೆ ಟೆಸ್ಟ್ ಸರ್ವರ್‌ನ ದಿನಾಂಕವನ್ನೇ ಮುಂದಕ್ಕೆ ತಳ್ಳಿದರು. ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಸರಿಹೊಂದಿಸುವ ಕ್ರೋನಿ ಅದನ್ನು ಎಳೆದು ವಾಪಸ್ ತಂದಿತು. ಕ್ರೋನಿ ನಿಲ್ಲಿಸಿದರೆ ಸುರಕ್ಷಿತ ಸಂಪರ್ಕದ ಟಿಎಲ್‌ಎಸ್ ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಂದಿತು, ಏಕೆಂದರೆ ನಾವು ಬಳಸುತ್ತಿದ್ದ ಲೆಟ್ಸ್ ಎನ್‌ಕ್ರಿಪ್ಟ್‌ನದು 90 ದಿನದ್ದಾಗಿತ್ತು. ಲಾಗಿನ್ ಒಟಿಪಿ ತಾಳೆಯಾಗಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಬ್ಯಾಕಪ್ ಸ್ಕ್ರಿಪ್ಟ್. ಮೂವತ್ತು ದಿನಕ್ಕಿಂತ ಹಳೆಯದು ಅಂತ ಎಲ್ಲ ಬ್ಯಾಕಪ್ಪನ್ನೂ ಅಳಿಸಿ ಹಾಕಿತು. ಆಮೇಲೆ ಇದಕ್ಕೇ ಅಂತ ಬೇರೆ ವಿಎಂ (ಬಾಡಿಗೆಯ ವರ್ಚುವಲ್ ಸರ್ವರ್) ತೆಗೆದುಕೊಂಡರು, ತಿಂಗಳಿಗೆ ಸುಮಾರು ನಾಲ್ಕು ಸಾವಿರ, ಅಲ್ಲೂ ಅದೇ ಕಥೆ.

ಡಾಕರ್ ಕಂಟೇನರ್ (ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಪೆಟ್ಟಿಗೆ) ಒಳಗೆ ಸಮಯ ಬದಲಿಸೋಣ ಅಂದವರಿದ್ದರು. ಕಂಟೇನರ್‌ಗೂ ಅದನ್ನು ಓಡಿಸುವ ಹೋಸ್ಟ್ ಯಂತ್ರಕ್ಕೂ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಂದೇ ಅಲ್ವಾ? ಅನುಮತಿ ಕೊಟ್ಟರೆ ಹೋಸ್ಟ್‌ನ ಸಮಯವೇ ಬದಲಾಗುತ್ತದೆ. ಕಂಟೇನರ್‌ಗೆ ಬೇರೆ ಸಮಯ ತೋರಿಸಲು ಲಿನಕ್ಸ್ 5.6ರಲ್ಲಿ ಬಂದ ಟೈಮ್ ನೇಮ್‌ಸ್ಪೇಸ್ ಮೇಲೆ ನನಗೂ ಆಸೆ ಇತ್ತು. ಆದರೆ ಅದು ಮೊನೊಟೋನಿಕ್ ಮತ್ತು ಬೂಟ್‌ಟೈಮ್ ಗಡಿಯಾರಗಳಿಗೆ, ಅಂದರೆ ಎಷ್ಟು ಹೊತ್ತು ಕಳೆಯಿತು ಅಂತ ಎಣಿಸುವವುಗಳಿಗೆ ಮಾತ್ರ. ಗೋಡೆ ಗಡಿಯಾರದ ಸಮಯ, ಅಂದರೆ ನಮಗೆ ಬೇಕಾದ ದಿನಾಂಕ, ಹಾಗೇ ಇರುತ್ತದೆ.

ಕೊನೆಗೆ ಹಿಡಿದದ್ದು ಲಿಬ್‌ಫೇಕ್‌ಟೈಮ್. ಪ್ರೋಗ್ರಾಂ ಜೊತೆ ಮೊದಲೇ ಲೋಡ್ ಆಗಿ (ಪ್ರೀಲೋಡ್), ಅದು ಸಮಯ ಕೇಳಿದಾಗ ನಾವು ಹೇಳಿದ ಸಮಯ ಕೊಡುವ ಲೈಬ್ರರಿ ಇದು. ಜಾವಾ ಪ್ರೊಸೆಸ್‌ಗೆ ಮಾತ್ರ ಹಾಕಿದರೆ ಸಾಲದು, ಪೋಸ್ಟ್‌ಗ್ರೆಸ್‌ಗೂ ಹಾಕಬೇಕು. ಇಂತಿಷ್ಟು ಹೊತ್ತಿನಿಂದ ಶುರು ಅಂತ ಕೊಟ್ಟರೆ ಪ್ರತಿ ಕಂಟೇನರ್ ತಾನು ಎದ್ದ ಕ್ಷಣದಿಂದ ಎಣಿಸುತ್ತದೆ, ಆ್ಯಪ್‌ಗೂ ಡೇಟಾಬೇಸ್‌ಗೂ ಕೆಲವು ಸೆಕೆಂಡು ವ್ಯತ್ಯಾಸ ಬಂದು ಮಧ್ಯರಾತ್ರಿ ಟೆಸ್ಟ್ ಹಾಳಾಗುತ್ತದೆ. ಅದಕ್ಕೆ ನಾನು ಈಗಿನಿಂದ ಇಷ್ಟು ಸೆಕೆಂಡು ಮುಂದೆ ಅಂತ ಒಂದೇ ಫೈಲಿನಲ್ಲಿ ಬರೆದು ಎರಡಕ್ಕೂ ಮೌಂಟ್ ಮಾಡುತ್ತೇನೆ. ಆ ಫೈಲನ್ನು ಪ್ರತಿ ಸಲ ಹೊಸದಾಗಿ ಓದುವಂತೆ ಲಿಬ್‌ಫೇಕ್‌ಟೈಮ್‌ನ ಕ್ಯಾಶ್ (ಓದಿದ್ದನ್ನು ನೆನಪಿಟ್ಟುಕೊಳ್ಳುವುದು) ಆಫ್ ಮಾಡಿ. ಮೊನೊಟೋನಿಕ್ ಮುಟ್ಟಬೇಡ ಅನ್ನುವ ಸೆಟ್ಟಿಂಗ್ ಕೊಡದಿದ್ದರೆ ಜಾವಾ ಓಡಿಸುವ ಜೆವಿಎಂ ಸುಮ್ನೆ ನಿಂತುಬಿಡುತ್ತದೆ. ಒಂದೇ ಡೇಟಾದ ಮೇಲೆ ಸಮಯವನ್ನು ಹಿಂದಕ್ಕೆ ತಿರುಗಿಸಲೇಬೇಡಿ, ಪ್ರತಿ ಸಲ ಹೊಸ ಪ್ರತಿ ತೆಗೆದುಕೊಳ್ಳಿ.

ಎಸ್‌ಎಂಎಸ್ ಸರ್ವಿಸ್ ಗೋ ಭಾಷೆಯಲ್ಲಿದೆ. ಅದು ಲಿಬ್‌ಸಿ (ಲಿನಕ್ಸ್‌ನ ಮೂಲ ಲೈಬ್ರರಿ) ಮೂಲಕ ಸಮಯ ಕೇಳುವುದೇ ಇಲ್ಲ, ಹಾಗಾಗಿ ಪ್ರೀಲೋಡ್ ನಡೆಯುವುದಿಲ್ಲ. ಅದಕ್ಕೆ ನಾನು ಮಾಡಿದ ಉಪಾಯ ನನ್ನ ಹತ್ತಿರವೇ ಇರಲಿ.

ಮೊದಲ ರಾತ್ರಿಯೇ ಫಲ ಸಿಕ್ಕಿತು. ಏಪ್ರಿಲ್ 1ರ ಬೆಳಗಿನ ಜಾವ ಒಂದು ಗಂಟೆಗೆ ಹಾಕಿದ ಬಡ್ಡಿ ಹಿಂದಿನ ಆರ್ಥಿಕ ವರ್ಷಕ್ಕೆ ಹೋಗಿ ಕೂತಿತ್ತು. ಕಂಟೇನರ್ ಯುಟಿಸಿಯಲ್ಲಿತ್ತು (ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ), ಅಲ್ಲಿ ನಮ್ಮ ಬೆಳಗಿನ ಐದೂವರೆವರೆಗೂ ಮಾರ್ಚ್ 31. ಪ್ರತಿ ಏಪ್ರಿಲ್‌ನಲ್ಲಿ ಲೆಕ್ಕ ತಾಳೆಯಾಗಲ್ಲ ಅಂತ ಒಂದು ಸಂಘ ಎರಡು ಲಕ್ಷದಷ್ಟು ಬಿಲ್ ತಡೆದಿತ್ತು. ಕಾರಣ ಇದೇ. 2028ರ ಫೆಬ್ರವರಿ 29ಕ್ಕೂ ಹೋಗಿ ಬಂದೆ, ಅಲ್ಲಿ ಸಾಲದ ಕಂತಿನ ದಿನಾಂಕ ತಪ್ಪಿತ್ತು.

ಸಮಯವನ್ನು ಜೋರಾಗಿ ಓಡಿಸಿಯೂ ನೋಡಿದೆ. 3600 ಪಟ್ಟು ವೇಗದಲ್ಲಿ ಒಂದು ವರ್ಷ ಸುಮಾರು ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಆಗ ದಿನಕ್ಕೆ 24 ಸೆಕೆಂಡು ಮಾತ್ರ. ನಮ್ಮ ದಿನಾಂತ್ಯದ ಕೆಲಸಕ್ಕೇ ಮೂವತ್ತು ನಲವತ್ತು ಸೆಕೆಂಡು ಬೇಕು, ಅದು ಮುಗಿಯುವ ಮೊದಲೇ ಮರುದಿನ ಬಂದಿರುತ್ತಿತ್ತು. 600 ಪಟ್ಟಿಗೆ ಇಳಿಸಿದ ಮೇಲೆ ಸರಿಹೋಯಿತು.

2038ರ ಜನವರಿ 19ಕ್ಕೂ ಹೋದೆ. 1970ರಿಂದ ಎಣಿಸುವ ಸೆಕೆಂಡು ಅವತ್ತು ನಮ್ಮ ಸಮಯ ಬೆಳಿಗ್ಗೆ 8:44ಕ್ಕೆ 32 ಬಿಟ್‌ನಲ್ಲಿ ಹಿಡಿಸದಷ್ಟು ದೊಡ್ಡದಾಗುತ್ತದೆ, ಅದರಾಚೆಯ ಸಮಯ ಬರೆಯಲು ಹೋದಾಗ 32 ಬಿಟ್ ಸೆಕೆಂಡು ಇಟ್ಟಿದ್ದ ಒಂದು ಕಾಲಂ ಎರರ್ ಕೊಟ್ಟಿತು. ಅದು ಠೇವಣಿ ಮುಗಿಯುವ ದಿನಾಂಕದ ಕಾಲಂ. ಅಂದರೆ ಇವತ್ತು ಹದಿನೈದು ವರ್ಷದ ಠೇವಣಿ ತೆರೆದರೂ ಅದೇ ಎರರ್. ಅದನ್ನು 64 ಬಿಟ್‌ನ ಬಿಗ್‌ಇಂಟ್ ಮಾಡಿಸಿದೆ. ತಡೆದಿದ್ದ ಬಿಲ್ ದೀಪಾವಳಿಗೆ ಮೊದಲೇ ಪಾಸ್ ಆಯಿತು.